ಪೆನಲ್ವಾರದ ಇಗರ್ಜಿಯ ಬೀಗದ ಕೈ

ನಮ್ಮ ಪೆನಲ್ವಾರದ ಗುಡ್ಡದ ಮೇಲಿರುವ ಇಗರ್ಜಿಯ ಬೀಗದ ಕೈ ಮೂವತ್ತನಾಲ್ಕು ವರ್ಷ ಫೆಲಿಸ್ಮಿನತ್ತೆಯ ಹತ್ತಿರವೇ ಇತ್ತು. ಅವಳು ನನಗೆ ಸಂಬಂಧದಲ್ಲಿ ಅತ್ತೆಯಲ್ಲ. ವಯಸ್ಸಾದ ಹೆಂಗಸರನ್ನು ಈ ಕಡೆ ಹಾಗೆಯೇ ಕರೆಯುವುದು. ಗೇಣುದ್ದದ ಆ ಕಬ್ಬಿಣದ ಬೀಗದ ಕೈಯನ್ನು ಅವಳ ಗಂಡನ ತಾಯಿ ಸಾಯುವ ಮುಂಚೆ ಅವಳ ಕೈಗಿಟ್ಟಿದ್ದಳು. ಆಗ ಕೆಲಸ ಹೆಚ್ಚಿರಲಿಲ್ಲ. ಭಾನುವಾರ ಪಾದ್ರಿ ಬಂದಾಗ, ಊರಲ್ಲಿ ಯಾರಾದರೂ ಸತ್ತಾಗ ಬಾಗಿಲು ತೆಗೆದರೆ ಸಾಕಿತ್ತು.

ಆಮೇಲೆ ಯಾರೋ ಒಬ್ಬ ನಮ್ಮ ಇಗರ್ಜಿಯೊಳಗಿನ ನೀಲಿ ಬಣ್ಣದಲ್ಲಿ ಚಿತ್ರ ಬರೆದ ಟೈಲ್ಸ್ ಗೋಡೆಯ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿದ. ಲಿಸ್ಬನ್ನಿನ ನೂಕುನುಗ್ಗಲಿಗೆ ಬೇಸತ್ತವರು, ಯಾರೂ ನೋಡದ ಊರು ನೋಡಬೇಕೆಂದು ಬರತೊಡಗಿದರು. ಪಂಚಾಯಿತಿಯವರು ಇಗರ್ಜಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು: ‘ಬೀಗದ ಕೈ ಫೆಲಿಸ್ಮಿನ ಅವರಲ್ಲಿ, ಹಸಿರು ಬಾಗಿಲಿನ ಮನೆ.’ ಯಾವ ಹೊತ್ತಿಗೆ ಎಂದು ಬರೆಯಲಿಲ್ಲ. ಹೀಗಾಗಿ ಅವಳು ಊಟಕ್ಕೆ ಕೂತಾಗ ಬಂದರು, ಮಧ್ಯಾಹ್ನ ಕಣ್ಣು ಮುಚ್ಚಿದಾಗ ಬಂದರು, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ಬಂದರು. ಮೇಲಕ್ಕೆ ಎಂಬತ್ತೆರಡು ಮೆಟ್ಟಿಲು.

ಮೆಟ್ಟಿಲ ಬುಡದಲ್ಲೇ ನನ್ನ ಕಾಫಿ ಅಂಗಡಿ. ಹತ್ತುವ ಮುಂಚೆ ಅವಳು ನನ್ನ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು.

“ಇವತ್ತು ಎಷ್ಟನೇ ಸಲ ಅತ್ತೆ?”

“ಎಣಿಸೋದು ಬಿಟ್ಟಿದ್ದೀನಿ ಕಣೇ ಲುರ್ದಿಸ್.”

“ಆ ಬೀಗದ ಕೈನ ಬೇರೆ ಯಾರಿಗಾದ್ರೂ ಕೊಟ್ಬಿಡಬಾರ್ದಾ?”

“ಯಾರಿಗೆ, ನಿಂಗಾ? ನಿನ್ನ ಅಂಗಡಿ ಬಾಗ್ಲೇ ನೀನು ಹತ್ತು ಗಂಟೆಗೆ ತೆಗೀತೀಯ!”

ಎರಡು ವರ್ಷದ ಹಿಂದಿನ ಆಗಸ್ಟಿನಲ್ಲಿ, ಬಿಸಿಲಿಗೆ ನಾಯಿಗಳೂ ಕದಲದ ಹೊತ್ತಿನಲ್ಲಿ, ಬೆಲ್ಜಿಯಂ ಕಡೆಯ ಗಂಡ ಹೆಂಡತಿ ಬಂದರು. ಅತ್ತೆ ಸೂಪಿನ ತಟ್ಟೆ ಮುಚ್ಚಿಟ್ಟು ಅವರ ಜೊತೆ ಹತ್ತಿದಳು. ಆ ಹೆಂಗಸಿಗೆ ನಮ್ಮ ಭಾಷೆ ಅಷ್ಟಿಷ್ಟು ಬರುತ್ತಿತ್ತು. ಸೊರ್ವೇಲದ ಇಗರ್ಜಿ ಇದಕ್ಕಿಂತ ಚೆನ್ನಾಗಿದೆಯೇ ಎಂದು ಕೇಳಿದಳಂತೆ. ಸೊರ್ವೇಲ ಇಲ್ಲಿಂದ ಹದಿನಾಲ್ಕು ಕಿಲೋಮೀಟರ್. ಗುಡ್ಡದ ಮೇಲಿಂದ ಅದರ ಗಂಟೆಗೋಪುರ ಕಾಣುತ್ತದೆ. ಅತ್ತೆ ಒಮ್ಮೆಯೂ ಹೋಗಿರಲಿಲ್ಲ. ಅವಳು ಕಂಡ ಪರಊರೆಂದರೆ ಗ್ವಾರ್ದ, ಅದೂ ಗಂಡ ಆಸ್ಪತ್ರೆಯಲ್ಲಿದ್ದಾಗ. “ನಾವು ಮೂರು ವಾರದಲ್ಲಿ ಹತ್ತೊಂಬತ್ತು ಊರು ನೋಡಿದೆವು” ಎಂದಳಂತೆ ಆ ಹೆಂಗಸು. ಬೆಂಚಿನ ಮೇಲೆ ಕೂತ ಅತ್ತೆಗೆ ಅರ್ಧ ಗಂಟೆ ಏಳಲಾಗಲಿಲ್ಲವಂತೆ.

ಸಂಜೆ ನನ್ನ ಅಂಗಡಿಗೆ ಬಂದು ಹೇಳಿದಳು: “ನಾನೂ ಒಂದು ಊರು ನೋಡ್ಬೇಕು ಕಣೇ. ಮಂಗಳವಾರ ಸಂತೆ ಬಸ್ಸಿಗೆ ಹೋಗೋಣ. ನೀನೂ ಬಾ, ಒಬ್ಳೇ ಹೋದ್ರೆ ಜನ ಹುಚ್ಚಿ ಅಂತಾರೆ.”

ಭಾನುವಾರದ ಕಪ್ಪು ಬಟ್ಟೆ ಉಟ್ಟು, ಚೀಲದಲ್ಲಿ ರೊಟ್ಟಿ, ಕುರಿಹಾಲಿನ ಚೀಸು, ಅಂಜೂರ ತುಂಬಿಕೊಂಡು ಬಂದಳು. ದಾರಿಯುದ್ದಕ್ಕೂ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಸೊರ್ವೇಲದ ಇಗರ್ಜಿಗೆ ಬೀಗ ಹಾಕಿತ್ತು. ಬಾಗಿಲಲ್ಲಿ ಚೀಟಿ: ‘ಬೀಗದ ಕೈ ಉಂಬೆಲಿನ ಅವರಲ್ಲಿ, ಬಾವಿ ಪಕ್ಕದ ಮನೆ.’ ಅತ್ತೆ ಅದನ್ನು ಎರಡು ಸಲ ಓದಿದಳು. ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಆ ಮನೆಯ ಬಾಗಿಲು ಬಡಿದೆವು. ಒಳಗೆ ಕುರ್ಚಿ ಜರುಗಿಸಿದ ಸದ್ದು, ಒಂದು ನರಳಾಟ, ಆಮೇಲೆ ಕಾಲೆಳೆದುಕೊಂಡು ಬರುವ ಸದ್ದು. ಬಾಗಿಲು ತೆಗೆದ ಹೆಂಗಸು ಅತ್ತೆಗಿಂತ ದೊಡ್ಡವಳು. ಒಂದು ಕಾಲಿಗೆ ಬಟ್ಟೆ ಸುತ್ತಿದ್ದಳು. ನಮ್ಮ ಮುಖವನ್ನೂ ನೋಡದೆ ಬೀಗದ ಕೈ ತಡಕಿದಳು.

“ಬಂದೆ, ಬಂದೆ. ಚಪ್ಪಲಿ ಒಂದು ಮೆಟ್ಕೋತೀನಿ.”

“ಬೇಡಮ್ಮ, ಕೂತ್ಕೊಳ್ಳಿ,” ಎಂದಳು ಅತ್ತೆ.

“ಯಾಕೆ, ಇಗರ್ಜಿ ನೋಡೋಕೆ ಬಂದಿಲ್ವಾ?”

“ಬಂದಿದ್ವಿ. ನಾನು ಪೆನಲ್ವಾರದ ಬೀಗದ ಕೈಯೋಳು.”

ಉಂಬೆಲಿನ ಆಗ ತಲೆಯೆತ್ತಿ ನೋಡಿದಳು. “ನಿಮ್ದು ಎಷ್ಟು ಮೆಟ್ಲು?”

“ಎಂಬತ್ತೆರಡು.”

“ಅಯ್ಯೋ ನನ್ನ ಮಾತಾಯಿ! ನಂದು ಮೂವತ್ತೊಂದಕ್ಕೇ ಈ ಗತಿ.”

ಇಬ್ಬರೂ ಹೊಸ್ತಿಲ ಮೇಲೆ ಕೂತರು. ರೊಟ್ಟಿ ಮುರಿದು ತಿಂದರು. ಮಂಡಿಯ ಮಾತಾಡಿದರು, ಕರ್ಪೂರದ ಎಣ್ಣೆ ಒಳ್ಳೆಯದೋ ಹಂದಿ ಕೊಬ್ಬೋ ಎಂದು ವಾದ ಮಾಡಿದರು, ಬಾಗಿಲು ತೆರೆದಿಟ್ಟು ಬಾವಲಿಗಳನ್ನು ಒಳಗೆ ಬಿಡುವ ಪ್ರವಾಸಿಗಳನ್ನು ಬೈದರು. ನಾನು ಅಂಜೂರ ತಿನ್ನುತ್ತ ಕೇಳುತ್ತಿದ್ದೆ. ಅಷ್ಟರಲ್ಲಿ ಬೆನ್ನಿಗೆ ಚೀಲ ಹೊತ್ತ ಇಬ್ಬರು ಹುಡುಗಿಯರು ಬಂದು ಇಗರ್ಜಿಯ ಬಾಗಿಲು ತೆಗೆಸಿ ಎಂದರು. ಉಂಬೆಲಿನ ಏಳಹೊರಟಳು. ಅತ್ತೆ ಅವಳ ಸೆರಗಿನಂತಿದ್ದ ಶಾಲು ಹಿಡಿದು ಕೂರಿಸಿದಳು.

“ಇವತ್ತಾಗಲ್ಲಮ್ಮ.”

“ನಾವು ತುಂಬ ದೂರದಿಂದ ಬಂದಿದ್ದೀವಿ,” ಎಂದಳೊಬ್ಬಳು.

“ನಾನೂ ದೂರದಿಂದ್ಲೇ ಬಂದಿರೋದು.”

ಹುಡುಗಿಯರು ಬೀಗ ಹಾಕಿದ ಬಾಗಿಲ ಮುಂದೆ ಫೋಟೋ ತೆಗೆದುಕೊಂಡು ಹೊರಟುಹೋದರು. ಬಸ್ಸಿನಲ್ಲಿ ಅತ್ತೆ, “ಆ ಮಕ್ಕಳ ಮುಖ ನೋಡಿದ್ಯಾ? ಸಪ್ಪೆಯಾಗೋಯ್ತು,” ಎಂದಳು.

ಮರುದಿನ ಪಂಚಾಯಿತಿಗೆ ಹೋಗಿ ಅಧ್ಯಕ್ಷ ವಾಲ್ದೆಮಾರನ ಮೇಜಿನ ಮೇಲೆ ಬೀಗದ ಕೈ ಇಟ್ಟಳು. ವಾರಕ್ಕೆ ಮೂರು ದಿನ, ಹತ್ತರಿಂದ ಹನ್ನೆರಡು, ಅಷ್ಟೇ ಬಾಗಿಲು ತೆಗೆಯುವುದು ಎಂದಳು.

“ದೂರದಿಂದ ಬಂದೋರು ಬೇಜಾರು ಮಾಡ್ಕೋತಾರಲ್ಲ ಅತ್ತೆ?” ಎಂದ ಅವನು.

“ಮಾಡ್ಕೊಳ್ಳಲಿ. ನಾನು ಇಷ್ಟು ವರ್ಷ ಮಾಡ್ಕೊಂಡು ಸತ್ತೇನೂ ಹೋಗಿಲ್ವಲ್ಲ.”

ವಾಲ್ದೆಮಾರ ಬೀಗದ ಕೈ ತನ್ನಲ್ಲೇ ಇಟ್ಟುಕೊಂಡ. ಹನ್ನೆರಡು ದಿನ ತಾನೇ ಹತ್ತಿ ಇಳಿದ. ಹದಿಮೂರನೆಯ ದಿನ ಹೊತ್ತು ಬರೆದ ಹೊಸ ಚೀಟಿಯನ್ನೂ ಬೀಗದ ಕೈಯನ್ನೂ ಅವಳ ಮನೆಗೇ ತಂದುಕೊಟ್ಟ.

ಚೀಟಿ ಓದದವರು ಈಗಲೂ ಬಂದು ಬಡಿಯುತ್ತಾರೆ. ಮೊದಮೊದಲು ಅತ್ತೆ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದಳಂತೆ. ಬಡಿತ ನಿಂತ ಮೇಲೂ ನಿದ್ದೆ ಹತ್ತುತ್ತಿರಲಿಲ್ಲವಂತೆ. ಎರಡು ಸಲ ಎದ್ದು ಹೋಗಿ ತೆಗೆದೂ ಬಂದಳು. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳ ಬಾಗಿಲನ್ನು ಯಾರೋ ಬಹಳ ಹೊತ್ತು ಬಡಿಯುತ್ತಿದ್ದರು. ಏನಾಯಿತೋ ಎಂದು ಹೆದರಿ ನಾನು ಹಿತ್ತಿಲಿನಿಂದ ಒಳಗೆ ಹೋದೆ. ಅತ್ತೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ನಾನು ಕಿಟಕಿ ಮುಚ್ಚಿ, ಹೊರಗೆ ಬಂದು, ನಾಳೆ ಹತ್ತಕ್ಕೆ ಬನ್ನಿ ಎಂದು ಅವರಿಗೆ ಹೇಳಿದೆ.