ಕೆಂಪು ನಂಬರ್ ಪ್ಲೇಟಿನ ಬಾಡಿಗೆ ಕಾರು

ರಾಯದುರ್ಗದ ಜೀನ್ಸ್ ಶೆಡ್ಡುಗಳಲ್ಲಿ ಏಳು ವರ್ಷ ಪ್ಯಾಂಟಿಗೆ ಜಿಪ್ಪು ಕೂರಿಸಿದ ಮೇಲೆ ನನಗೆ ಹಡಗಿನಲ್ಲಿ ಟೈಲರ್ ಕೆಲಸ ಸಿಕ್ಕಿತು. ಪ್ರವಾಸಿಗರನ್ನು ದ್ವೀಪದಿಂದ ದ್ವೀಪಕ್ಕೆ ಸುತ್ತಿಸುವ ದೊಡ್ಡ ಹಡಗು ಅದು. ಅದರ ಕೆಳ ಅಂತಸ್ತಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಅಡುಗೆಯವರ ಕೋಟಿನ ಗುಂಡಿಯಿಂದ ಕ್ಯಾಪ್ಟನ್ನರ ಪ್ಯಾಂಟಿನ ಅಂಚಿನವರೆಗೆ ಎಲ್ಲವನ್ನೂ ಸರಿಮಾಡುವುದು ನನ್ನ ಕೆಲಸ. ಹೊರಡುವಾಗ ಅವ್ವ ಕೇಳಿದ್ದು ಒಂದೇ ಮಾತು: "ಸಮುದ್ರದಾಗ ಅಂಗಿ ಯಾಕ ಹರಿತಾವೋ?"

ಹಡಗು ಬಂದರಿನಲ್ಲಿ ನಿಂತ ದಿನ, ಡ್ಯೂಟಿ ಇಲ್ಲದವರು ಕೆಲವು ತಾಸು ಇಳಿದು ಹೋಗಬಹುದು. ಮೊದಮೊದಲು ನಾನೂ ಎಲ್ಲರಂತೆ ಬಂದರಿನ ಗೇಟಿನೆದುರಿನ ಅಂಗಡಿಗಳಲ್ಲಿ ಅಡ್ಡಾಡಿ, ಮನೆಗೆ ಫೋನು ಮಾಡಿ ವಾಪಸಾಗುತ್ತಿದ್ದೆ. ನಾಲ್ಕು ದ್ವೀಪ ಹೀಗೆ ಕಳೆದ ಮೇಲೆ, ನೋಡಿದ್ದೆಲ್ಲ ಒಂದೇ ಬೀದಿ ಅನ್ನಿಸತೊಡಗಿತು. ಊರಲ್ಲಿದ್ದಾಗ ಕತ್ತರಿಸಿದ ಬಟ್ಟೆಯ ಗಂಟುಗಳನ್ನು ಗೂಡ್ಸ್ ಆಟೋದಲ್ಲಿ ಬೆಳುಗುಪ್ಪದ ಕಡೆಯ ಹಳ್ಳಿಗಳಿಗೆ ಹೊಲಿಗೆಗೆ ಕೊಟ್ಟು ಬರುತ್ತಿದ್ದವನು ನಾನು. ಕಾರಿನ ಲೈಸೆನ್ಸೂ ಇತ್ತು. ಮೊದಲ ರಜೆಗೆ ಊರಿಗೆ ಹೋದಾಗ ಹೊರದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ಟನ್ನೂ ಮಾಡಿಸಿಕೊಂಡು ಬಂದೆ.

ಅಲ್ಲಿಂದ ಶುರುವಾಯಿತು ನನ್ನ ಯೋಜನೆಯ ಹುಚ್ಚು. ಬಟ್ಟೆ ಅಳತೆಯ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಮುಂದಿನ ಬಂದರುಗಳು. ಗೇಟಿನಿಂದ ಬಾಡಿಗೆ ಕಾರಿನ ಆಫೀಸಿಗೆ ಎಷ್ಟು ನಡಿಗೆ, ಅಲ್ಲಿ ಎಡಕ್ಕೆ ಓಡಿಸಬೇಕೋ ಬಲಕ್ಕೋ, ದಾರಿಯಲ್ಲಿ ಪೆಟ್ರೋಲ್ ಬಂಕ್ ಎಲ್ಲಿ, ಎಷ್ಟು ಗಂಟೆಗೆ ಎಲ್ಲಿದ್ದರೂ ಕಾರು ತಿರುಗಿಸಿಬಿಡಬೇಕು, ಎಲ್ಲ ಬರೆಯುತ್ತಿದ್ದೆ. ಹಡಗಿನ ಗಡಿಯಾರಕ್ಕೂ ದ್ವೀಪದ ಗಡಿಯಾರಕ್ಕೂ ಕೆಲವೆಡೆ ಒಂದು ತಾಸಿನ ವ್ಯತ್ಯಾಸ ಇರುತ್ತಿತ್ತು. ಅದಕ್ಕೇ ನನ್ನ ಕೈಗಡಿಯಾರ ಯಾವಾಗಲೂ ಹಡಗಿನ ಸಮಯದಲ್ಲೇ ಇರುತ್ತಿತ್ತು. ಇಷ್ಟೆಲ್ಲ ಬರೆದುಕೊಂಡರೂ, ಬಲಕ್ಕೆ ಓಡಿಸುವ ಮೊದಲ ದ್ವೀಪದಲ್ಲಿ ಸ್ಟೀರಿಂಗಿನ ಕಡ್ಡಿಗಳು ಅದಲುಬದಲಾಗಿದ್ದರಿಂದ, ತಿರುವು ಬಂದಾಗಲೆಲ್ಲ ಸಿಗ್ನಲ್ ದೀಪದ ಬದಲು ಗಾಜು ಒರೆಸುವ ವೈಪರ್ ಹಾಕಿದೆ. ಉರಿಬಿಸಿಲಿನಲ್ಲಿ ವೈಪರ್ ಆಡಿಸುತ್ತ ಊರೆಲ್ಲ ಸುತ್ತಿದ ನನ್ನನ್ನು ನೋಡಿ ಒಬ್ಬ ಪೊಲೀಸನೇ ನಗುತ್ತಿದ್ದ.

ಹಡಗಿನ ಲಾಂಡ್ರಿಯಲ್ಲಿ ಮಡಕಶಿರಾ ಕಡೆಯ ಒಬ್ಬರಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಕುರಿ ಸಾಕುವ ಮನೆಯವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅಷ್ಟು ದೊಡ್ಡ ಹಡಗಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಅವರ ವಿಚಿತ್ರವೆಂದರೆ, ಒಂಬತ್ತು ವರ್ಷದಲ್ಲಿ ಯಾವ ಬಂದರಿನಲ್ಲೂ ಗೇಟು ದಾಟಿದವರಲ್ಲ. ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಎಷ್ಟೋ ಸಲ ಕೇಳಿದ್ದೆ.

"ಏನೈತಪ್ಪ ಅಲ್ಲಿ? ಗುಡ್ಡ ಐತೆ, ಕಲ್ಲೈತೆ. ನಮ್ಮೂರ ಪಕ್ಕದ ರತ್ನಗಿರಿ ಕಡೀಕೆ ಅವು ಇಲ್ವಾ?" ಎನ್ನುತ್ತ ಬಿಸಿ ಬೆಡ್‌ಶೀಟು ಮಡಚುತ್ತಿದ್ದರು.

ಸೈಪ್ರಸ್ ದ್ವೀಪಕ್ಕೆ ಹೋಗುವ ವಾರ ನಾನು ಬಿಡಲಿಲ್ಲ. ಅವರ ಡ್ಯೂಟಿಯನ್ನು ನಾನೇ ಮೇಲಿನವರನ್ನು ಕೇಳಿ ಬದಲಾಯಿಸಿದೆ. "ಒಂದು ದಿನ ಬರ್ರಿ ಅಣ್ಣ. ಅಲ್ಲಿ ನಮ್ಮಂಗ ಎಡಕ್ಕ ಓಡಸ್ತಾರ. ವೈಪರ್ ಹಾಕಂಗಿಲ್ಲ ನಾನು" ಎಂದೆ. ಅವರು ನಕ್ಕರು. ಒಪ್ಪಿದಂತೆಯೇ ಲೆಕ್ಕ.

ಅಲ್ಲಿ ಬಾಡಿಗೆ ಕಾರುಗಳಿಗೆ ಕೆಂಪು ನಂಬರ್ ಪ್ಲೇಟು. ನೋಡಿದ ಕೂಡಲೇ ಹೊರಗಿನವರೆಂದು ತಿಳಿದು ಊರವರು ದಾರಿ ಬಿಡುತ್ತಿದ್ದರು. ಸಮುದ್ರ ಬಿಟ್ಟು ಗುಡ್ಡದ ಕಡೆ ಹತ್ತಿದೆವು. ಒಣಹುಲ್ಲು, ಬಿಳಿ ಕಲ್ಲು, ದ್ರಾಕ್ಷಿ ತೋಟ. ಅಣ್ಣ ಸೀಟುಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದವರು ಒಂದು ತಿರುವಿನಲ್ಲಿ ತಾವಾಗಿ ಬಾಯಿಬಿಟ್ಟರು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಒಂದು ಬಂದರಿನಲ್ಲಿ ದಾರಿ ತಪ್ಪಿದ್ದರಂತೆ. ಯಾರ ಮಾತೂ ತಿಳಿಯದೆ ಓಡಿ ಓಡಿ ಬರುವಷ್ಟರಲ್ಲಿ ಹಡಗಿನ ಏಣಿ ಎತ್ತುತ್ತಿದ್ದರಂತೆ.

"ಅವತ್ತೇ ಅಂದ್ಕಂಡೆ ಕಣಪ್ಪ, ಇನ್ನು ಇಳಿಯಾದು ಬ್ಯಾಡ ಅಂತ. ಯಾರಿಗೂ ಹೇಳಿಲ್ಲ."

ನಾನು ನೋಟುಪುಸ್ತಕ ಅವರ ಕೈಗೆ ಕೊಟ್ಟೆ. ತಿರುಗುವ ಹೊತ್ತು, ವಾಪಸು ದಾರಿ, ಏನಾದರೂ ಆದೀತೆಂದು ಉಳಿಸಿಕೊಂಡ ಒಂದು ತಾಸು, ಎಲ್ಲವನ್ನೂ ನಿಧಾನವಾಗಿ ಓದಿದರು. ಆಮೇಲೆ ಬೆಲ್ಟು ಹಿಡಿದ ಕೈ ಸಡಿಲವಾಯಿತು. ಬೆಟ್ಟದ ಮೇಲೊಂದು ಮರದಡಿ ಹಡಗಿನ ಚಪಾತಿಗೆ ಅವರ ಮನೆಯ ಕಡಲೆಕಾಯಿ ಚಟ್ನಿಪುಡಿ ಹಚ್ಚಿ ತಿಂದೆವು.

ಬರೆದ ಹೊತ್ತಿಗೆ ಸರಿಯಾಗಿ ಕಾರು ತಿರುಗಿಸಿದೆ. ಮೂರು ಮೈಲಿ ಇಳಿದಿರಬಹುದು, ಕಿರಿದಾದ ರಸ್ತೆ ತುಂಬ ಕುರಿಗಳು. ನಡುವೆ ಒಂದು ಕುರಿ ಬಿದ್ದು ಹೊರಳುತ್ತಿತ್ತು. ಕಪ್ಪು ಬಟ್ಟೆಯ ಮುದುಕಿಯೊಬ್ಬಳು ಅದರ ತಲೆ ಹಿಡಿದು ಕೂತಿದ್ದಳು. ನಾನು ಹಾರ್ನ್ ಮೇಲೆ ಕೈಯಿಟ್ಟೆ.

"ಒತ್ತಬ್ಯಾಡ, ಬೆದರ್ತಾವೆ. ಗಾಡಿ ಆಫ್ ಮಾಡು" ಎಂದರು ಅಣ್ಣ. "ಅದು ಈಯಕ್ಕಾಗ್ದೆ ಒದ್ದಾಡ್ತೈತೆ."

"ಅಣ್ಣ, ಟೈಮ್ ನೋಡ್ರಿ."

"ನೀನು ಬರೆದಿದ್ದೀಯಲ್ಲಪ್ಪ, ಒಂದು ತಾಸು ಉಳ್ದೈತೆ ಅಂತ."

ನಾವು ಕುಡಿಯಲು ತಂದ ನೀರಿನಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡು ಮುದುಕಿಯ ಎದುರು ಕೂತರು. ಅವಳು ಅವಳ ಭಾಷೆಯಲ್ಲಿ ಏನೋ ಹೇಳಿದಳು, ಇವರು ಮಡಕಶಿರಾ ಕನ್ನಡದಲ್ಲಿ ಉತ್ತರ ಕೊಟ್ಟರು. ಇಬ್ಬರಿಗೂ ಸಾಕಾದಂತಿತ್ತು. ಮರಿಯ ಮುಂಗಾಲು ಒಳಗೆ ಮಡಚಿಕೊಂಡಿದೆಯೆಂದು ನನಗೆ ಹೇಳಿದರು. ಕುರಿ ಉಸಿರು ಬಿಟ್ಟಾಗ ಮರಿಯನ್ನು ಒಳಕ್ಕೆ ತಳ್ಳಿ, ಬೆರಳಲ್ಲೇ ಕಾಲು ನೇರಮಾಡಿ, ಕುರಿ ತಿಣುಕಿದಾಗ ಮಾತ್ರ ಎಳೆದರು. ಅವಸರವೇ ಇರಲಿಲ್ಲ. ನಾನು ಗಡಿಯಾರ ನೋಡುತ್ತ ರಸ್ತೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ.

ಮರಿ ಜಾರಿ ಹೊರಬಂತು. ಅಲುಗಾಡಲಿಲ್ಲ. ಅಣ್ಣ ಅದರ ಮೂಗು ಬಾಯಿ ಒರೆಸಿ, ಒಣಹುಲ್ಲಿನ ಕಡ್ಡಿಯೊಂದನ್ನು ಮೂಗಿನ ಹೊಳ್ಳೆಗೆ ಆಡಿಸಿದರು. ಒಂದು ಸೀನು ಸೀನಿ ತಲೆ ಕೊಡವಿತು. ಮುದುಕಿ ಅಣ್ಣನ ಎರಡೂ ಕೆನ್ನೆ ಹಿಡಿದು ಹಣೆಗೆ ಮುತ್ತಿಟ್ಟಳು. ಐವತ್ತು ದಾಟಿದ ಅಣ್ಣ ಕಿವಿಯವರೆಗೆ ಕೆಂಪಾದರು. ಅವಳು ತನ್ನ ಊಟದ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಗಿಣ್ಣಿನಂಥ ಉಪ್ಪು ಚೀಸಿನ ಗಟ್ಟಿಯನ್ನು ನಮ್ಮ ಸೀಟಿನ ಮೇಲಿಟ್ಟು, ಕೋಲಿನಿಂದ ಕುರಿಗಳನ್ನು ಬದಿಗೆ ಸರಿಸಿ ದಾರಿ ಮಾಡಿಕೊಟ್ಟಳು.

ಉಳಿಸಿಕೊಂಡ ತಾಸಿನಲ್ಲಿ ಹನ್ನೊಂದು ನಿಮಿಷ ಮಿಕ್ಕಿದ್ದವು. ಕಾರಿನ ಕೀಲಿ ಕೊಟ್ಟು, ಬಂದರಿನ ಗೇಟಿನಿಂದ ಹಡಗಿನವರೆಗೆ ಓಡಿದೆವು. ಅಣ್ಣನ ಅಂಗಿಯ ತೋಳಿನ ರಕ್ತದ ಕಲೆ ನೋಡಿ ಸೆಕ್ಯುರಿಟಿಯವನು ಯಾರಿಗೆ ಗಾಯವಾಯಿತೆಂದು ಗಾಬರಿಯಾದ. ಅಣ್ಣ ಇಂಗ್ಲಿಷಿನಲ್ಲಿ, "ಬೇಬಿ. ಶೀಪ್ ಬೇಬಿ" ಎಂದರು.

ಸಂಜೆ ಡೆಕ್ಕಿನ ಮೇಲೆ ಅಣ್ಣ ಹೆಂಡತಿಗೆ ಫೋನು ಮಾಡಿದರು. ಬೆಟ್ಟ, ಕಾರು, ಮುದುಕಿ, ಮರಿಯ ಕಾಲು, ಎಲ್ಲವನ್ನೂ ಹೇಳುತ್ತಿದ್ದವರು ಆಕೆ ಏನೋ ಕೇಳಿದ ಕೂಡಲೇ ಫೋನಿಟ್ಟರು. ಮುಖ ಸಪ್ಪಗಾಗಿತ್ತು.

"ಏನಾತ್ರಿ?" ಎಂದೆ.

"ಮಾಸು ಬಿತ್ತಾ ಅಂತ ಕೇಳಿದ್ಳು. ಮರಿ ಬಂದ ಮ್ಯಾಲೆ ಅದೂ ಬೀಳ್ಬೇಕಲ್ಲಪ್ಪ, ಇಲ್ದಿದ್ರೆ ತಾಯಿ ಉಳಿಯಲ್ಲ. ನಿನ್ನ ಗಡಿಯಾರದ ಅವಸರಕ್ಕೆ ಅದ್ನ ನೋಡ್ದಂಗೆ ಬಂದ್ಬುಟ್ಟೆ." ಆಮೇಲೆ ಕೇಳಿದರು, "ಹಡಗು ಇಲ್ಲಿಗೆ ಇನ್ನ್ಯಾವಾಗ ಬತ್ತೈತೆ?"

"ಹದಿನಾಲ್ಕು ದಿನಕ್ಕ."

"ನನ್ನ ಡ್ಯೂಟಿ ನಾನೇ ಬದಲಾಯಿಸ್ಕಂತೀನಿ. ಆ ಪುಸ್ತಕ ಕೊಡು."

ಎರಡನೇ ಸಲದ ಯೋಜನೆ ಪೂರಾ ಅವರದೇ. ಬೆಟ್ಟದ ತುದಿ, ಹಳೇ ಕೋಟೆ, ಬೀಚು ಎಂದು ನಾನು ಗುರುತು ಹಾಕಿದ್ದನ್ನೆಲ್ಲ ಹೊಡೆದು ಹಾಕಿ, ಆ ತಿರುವೊಂದನ್ನೇ ಉಳಿಸಿದ್ದರು. ಮುದುಕಿಯ ದೊಡ್ಡಿ ಅಲ್ಲೇ ಮೇಲಿತ್ತು. ಅವಳು ಕೆಂಪು ಪ್ಲೇಟು ನೋಡಿ, ಯಾರೋ ಪ್ರವಾಸಿಗರೆಂದು ಮೊದಲು ಕೈಯಾಡಿಸಿ ಹೋಗೆಂದಳು, ಅಣ್ಣ ಇಳಿದ ಮೇಲೆ ಕೂಗಿಕೊಂಡು ಬಂದಳು. ತಾಯಿಕುರಿ ಗಟ್ಟಿಯಾಗಿತ್ತು. ಮರಿ ಹೆಣ್ಣು. ಅಣ್ಣ ಫೋನಿನಲ್ಲಿ ಎರಡನ್ನೂ ಹೆಂಡತಿಗೆ ತೋರಿಸಿದರು. ಆಕೆ ಮಡಕಶಿರಾದಿಂದಲೇ ಕುರಿಯ ಬಾಲ, ಹಲ್ಲು, ಕೆಚ್ಚಲು ಎಲ್ಲ ತೋರಿಸಲು ಹೇಳಿದರು. ನಾನು ಮೂರು ತಾಸು ಆ ದೊಡ್ಡಿಯ ಕಲ್ಲುಕಟ್ಟೆಯ ಮೇಲೆ ಕೂತು, ಮುದುಕಿ ಕೊಟ್ಟ ದ್ರಾಕ್ಷಿ ತಿಂದೆ.