ಅರಿಶಿನ ಎಲೆ ಕಟ್ಟಿಕೊಂಡು ಮೊಮ್ಮಗಳ ಊರಿಗೆ

ನನ್ನ ಮೊಮ್ಮಗಳು ನಡೆದಳು! ಮೂರು ವರ್ಷ ತುಂಬಿದರೂ ನೆಲಕ್ಕೆ ಕಾಲೂರದಿದ್ದ ಮಗು, ಗೋಡೆಯನ್ನೂ ಯಾರ ಕೈಯನ್ನೂ ಹಿಡಿಯದೆ ನಡೆದಳು. ಇದನ್ನು ಮೊದಲು ಹೇಳಿಬಿಡಬೇಕು, ಉಳಿದದ್ದು ಆಮೇಲೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಬರೆಯುವ ಕ್ರಮ ಗೊತ್ತಿಲ್ಲ.

ಅಳಿಯನಿಗೆ ನೇಪಾಳದ ಗಡಿ ಹತ್ತಿರದ ಒಂದು ಸಣ್ಣ ಊರಿನ ಬ್ಯಾಂಕಿಗೆ ವರ್ಗವಾಗಿತ್ತು. ಅಲ್ಲಿಂದ ಮಗಳು ಅಳುತ್ತಲೇ ಫೋನು ಮಾಡಿ, ವೀಡಿಯೋ ಕಳುಹಿಸಿದಳು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ ನಿಂತು ನೋಡಿದೆ. ಮಗು ನಾಲ್ಕು ಹೆಜ್ಜೆ ಇಡುತ್ತದೆ, ಅಷ್ಟರಲ್ಲಿ ವೀಡಿಯೋ ಮುಗಿದುಹೋಗುತ್ತದೆ. ನಮ್ಮ ಯಜಮಾನರು ತಮ್ಮ ಹೋಟೆಲಿನ ಹುಡುಗರಿಗೆಲ್ಲ ಶಿರಾ ಹಂಚಿದರು. ನನಗೆ ಮಾತ್ರ ಏನೂ ಆಗಲಿಲ್ಲ. ಒಲೆ ಆರಿಸಿದೆ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ. ಹಿಂದೊಮ್ಮೆ "ನಿಂತಳು" ಎಂದಿದ್ದರು, ನಾನು ಬಿಲ್ಡಿಂಗಿಗೆಲ್ಲ ಹೇಳಿ ಬರುವಷ್ಟರಲ್ಲಿ ಮಗು ಮತ್ತೆ ಕೂತುಬಿಟ್ಟಿತ್ತು.

"ಹಿಂದಿನಿಂದ ಯಾರಾದ್ರೂ ಅಂಗಿ ಹಿಡ್ಕೊಂಡಿದ್ರಾ?" ಎಂದು ಮಗಳನ್ನು ಕೇಳಿದೆ.

"ಎಂತ ಅಮ್ಮ ನೀವು!"

"ನಾನು ಕಣ್ಣಲ್ಲಿ ನೋಡ್ಬೇಕು."

"ವೀಡಿಯೋ ನೋಡಿದ್ದು ಮತ್ತೆ ಮೂಗಲ್ಲಿಯಾ?" ಎಂದರು ಯಜಮಾನರು.

ನಮ್ಮಲ್ಲಿ ಮಗು ಮೊದಲ ಸಲ ನಡೆದು ಹೊಸಿಲು ದಾಟಿದರೆ ಅರಿಶಿನ ಎಲೆಯ ಕಡುಬು ಮಾಡುತ್ತೇವೆ. ಈ ಮಗುವಿಗೆ ಅದು ಬಾಕಿ ಇತ್ತು. ಮಳೆಗಾಲ ಬಂದಾಗಲೆಲ್ಲ ಬಾಲ್ಕನಿಯ ಕುಂಡದಲ್ಲಿ ಎಲೆ ಎದ್ದು, ಹಾಗೇ ಒಣಗುತ್ತಿತ್ತು. ಈ ಸಲ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ.

ಕಲ್ಯಾಣದಲ್ಲಿ ರೈಲುಗಾಡಿ ಹತ್ತಿದ ಮೇಲೆ ಆ ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ. ಟಿಟ್ವಾಳಾ ದಾಟುವಾಗ ಯಜಮಾನರು ಅಲ್ಲಿನ ಗಣಪತಿಗೆ ಕೈ ಮುಗಿದರು, ನನಗೆ ಅದೂ ಹೊಳೆಯಲಿಲ್ಲ. ಘಾಟಿ, ಹೊಲ, ಹೊಳೆ ಎಲ್ಲ ಹೋದವು. ಏನು ನೋಡಿದೆ ಎಂದರೆ ಹೇಳಲಾರೆ. ಚಹಾ ಕುಡಿದೆ, ರುಚಿ ತಿಳಿಯಲಿಲ್ಲ. ಎದುರಿನ ಹೆಂಗಸು ಇದೇನು ಪರಿಮಳ ಎಂದು ಕೇಳಿದ್ದೇ ತಡ, ಮೊಮ್ಮಗಳು ನಡೆದದ್ದನ್ನೂ ನಾನು ನಂಬದಿರುವುದನ್ನೂ ಯಜಮಾನರು ತಮ್ಮ ಹೋಟೆಲ್ ಹಿಂದಿಯಲ್ಲಿ ಇಡೀ ಬೋಗಿಗೆ ಕೇಳುವಂತೆ ಹೇಳಿದರು. ಎಲ್ಲರೂ ನಕ್ಕರು. ನಾನು ಕಿಟಕಿಯ ಸರಳು ನೋಡುತ್ತ ಕೂತಿದ್ದೆ.

ದೊಡ್ಡ ಜಂಕ್ಷನ್ನಿನಲ್ಲಿ ಇಳಿದು ಪ್ಯಾಸೆಂಜರ್ ಗಾಡಿ ಹಿಡಿದೆವು. ಅದು ಹಾಲಿನ ಕ್ಯಾನು ಕಂಡಲ್ಲೆಲ್ಲ ನಿಲ್ಲುತ್ತಿತ್ತು. ಗಂಟುಮೂಟೆಗಳ ನಡುವೆ ಕಾಲು ಮಡಚಿ ಕೂತವಳು ಅಲ್ಲಾಡಲಿಲ್ಲ.

"ಕಾಲು ಸ್ವಲ್ಪ ನೀಡು ಮಾರಾಯ್ತಿ, ಜೋಮು ಹಿಡೀತದೆ."

"ಹಿಡಿಯಲಿ. ಎಲೆ ಜಜ್ಜಿಹೋದ್ರೆ?"

ಊರು ಬಂತು. ಯಜಮಾನರೂ ಸ್ಟೇಷನ್ನಿಗೆ ಬಂದಿದ್ದ ಅಳಿಯನೂ ಸೇರಿ ನನ್ನನ್ನು ಇಳಿಸಿ, ಕಲ್ಲುಬೆಂಚಿನ ಮೇಲೆ ಕೂರಿಸಿದರು. ಸೊಂಟದ ಕೆಳಗೆ ಕಾಲು ಇದೆಯೋ ಇಲ್ಲವೋ ತಿಳಿಯದು. ಏಳಲು ನೋಡಿದೆ, ಆಗಲಿಲ್ಲ. ಆಚೆ ಬೇವಿನ ಮರದ ಬುಡದಲ್ಲಿ ಮಗಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ನನ್ನ ಮುಖ ನೋಡಿದಳು. ಮಗುವನ್ನು ಕೆಳಗಿಳಿಸಿ, ತನ್ನ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಮಗು ವಾಲಿತು. ನಾನು ಕೂಗಿದೆನಂತೆ. ಬೀಳಲಿಲ್ಲ. ಕಾಲು ಅಗಲಿಸಿ, ತುಂಬಿದ ಕೊಡ ಹೊತ್ತವಳ ಹಾಗೆ ತೂಗುತ್ತ ಬಂದಳು. ನಡುವೆ ಒಂದು ಆಡು ಅಡ್ಡ ಬಂತು. ನಿಂತಳು, ಅದು ಹೋದ ಮೇಲೆ ಮತ್ತೆ ಹೊರಟಳು. ಬಂದು ನನ್ನ ಮೊಣಕಾಲು ಹಿಡಿದಳು. ಹಿಡಿದದ್ದು ಕಣ್ಣಿಗೆ ಕಂಡಿತು, ಕಾಲಿಗೆ ತಿಳಿಯಲಿಲ್ಲ.

"ನಾನೀ, ಉಠೋ," ಎಂದಳು. ಆ ಊರಿನ ಮಾತಲ್ಲಿ ಅಜ್ಜೀ, ಏಳು ಅಂತ, ನನಗೆ!

"ಅಜ್ಜಿಗೆ ನಡೀಲಿಕ್ಕೆ ಬರುದಿಲ್ಲ ಮಗಾ, ನೀನೇ ಕಲಿಸು," ಎಂದರು ಯಜಮಾನರು, ಮೂಗು ಒರೆಸಿಕೊಳ್ಳುತ್ತ.

ಆಗ ಪಾದದಲ್ಲಿ ಇರುವೆ ಹರಿದ ಹಾಗೆ ಶುರುವಾಗಿ ಮೆಲ್ಲಗೆ ಮೇಲಕ್ಕೇರಿತು. ಎದೆಗೆ ಬಂದಾಗ ನಾನು ಗೊಳೋ ಎಂದು ಅತ್ತೆ. ಸ್ಟೇಷನ್ನಿನವರೆಲ್ಲ ನೋಡಿದರು. ನೋಡಲಿ.

ಎಲೆಗಳ ಅಂಚು ಬಾಡಿತ್ತು, ಪರಿಮಳ ಹೋಗಿರಲಿಲ್ಲ. ಅಕ್ಕಿಹಿಟ್ಟು ಹಚ್ಚಿ, ಕಾಯಿ ಬೆಲ್ಲ ತುಂಬಿ ಬೇಯಿಸಿದೆ. ಅಳಿಯನ ಬಾಡಿಗೆ ಮನೆಗೆ ಹೊಸಿಲೇ ಇರಲಿಲ್ಲ. ಮಗಳು ಬಾಗಿಲಲ್ಲಿ ರಂಗೋಲಿಯ ಗೆರೆ ಎಳೆದಳು, ಮಗು ಅದನ್ನು ತುಳಿದು ಅಳಿಸಿಕೊಂಡೇ ದಾಟಿತು.

ಸಂಜೆ ಎಲ್ಲರೂ ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತೆವು. ಮಗು ಮಾತ್ರ ಕೂರಲಿಲ್ಲ. ಅಜ್ಜನ ತಟ್ಟೆಯ ಕಡುಬು ನನಗೆ, ನನ್ನದು ತನ್ನ ಅಪ್ಪನಿಗೆ ಹಾಕುತ್ತ ಸುತ್ತುತ್ತಿದ್ದಳು.

"ಒಂದು ಕಡೆ ಕೂತ್ಕೊಂಡು ತಿನ್ನೇ!" ಎಂದು ಮಗಳು ಬೈದಳು.

ಬೈದವಳೇ ಬಾಯಿ ಮುಚ್ಚಿಕೊಂಡು ನನ್ನನ್ನು ನೋಡಿದಳು. ನಾನು ಅವಳ ತಟ್ಟೆಗೆ ಇನ್ನೊಂದು ಕಡುಬು ಹಾಕಿದೆ.