ಬಣ್ಣ ಹಚ್ಚದ ಐದನೇ ಚಕ್ರ

ಚನ್ನಪಟ್ಟಣದ ಓಣಿಗೆ ಇನ್ನೂ ಬೆಳಕು ಹರಿದಿಲ್ಲ. ಅಮೀರುನ್ನೀಸಾ ಆಗಲೇ ಮರ ಕಡೆಯುವ ಲೇತ್ ಮುಂದೆ ಕೂತಿದ್ದಾರೆ. ಗಿರ್ರನೆ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ. ಬಿಸಿಗೆ ಕರಗಿದ ಬಣ್ಣ ಮರಕ್ಕೆ ಹತ್ತುತ್ತದೆ. ದಿನಕ್ಕೆ ನೂರು ಬುಗುರಿ ಕಡೆದು ಮಕ್ಕಳನ್ನು ಓದಿಸಿದ ಕೈ ಇದು. ಒಮ್ಮೆ ಉಳಿ ಜಾರಿ ತೋರುಬೆರಳಿನ ತುದಿಯೇ ಹೋಗಿದೆ.

ಹೋದ ವರ್ಷ ಯಾವುದೋ ಸಂಸ್ಥೆಯ ಸಾಹೇಬರೊಬ್ಬರು ನಕ್ಷೆ ಹಿಡಿದು ಬಂದರು. ಬಡ ದೇಶಗಳು ಹೇಗೆ ಮುಂದೆ ಬರುತ್ತವೆ, ಎಲ್ಲಿ ಮುಗ್ಗರಿಸುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವರ ಕೆಲಸವಂತೆ. ಅದನ್ನು ಸಭೆಯಲ್ಲಿ ತೋರಿಸಲು ಮರದ ಮೂರು ಹಲ್ಲುಚಕ್ರ ಬೇಕು: ಹೊಸ ಯಂತ್ರ, ರೇಷ್ಮೆ, ನೆಮ್ಮದಿ. ಮೊದಲನೆಯದನ್ನು ತಿರುಗಿಸಿದರೆ ಉಳಿದವೂ ತಿರುಗಬೇಕು, ನೆಮ್ಮದಿ ಮೊದಲನೆಯದರ ದಿಕ್ಕಿಗೇ. ಮಾದರಿ ಒಪ್ಪಿಗೆಯಾದರೆ ವರ್ಷವಿಡೀ ಕೆಲಸ.

ಮಾದರಿ ಮುಗಿದ ದಿನ ರಾಮನಗರದಿಂದ ತಂಗಿ ಗುಲ್ಜಾರ್ ಬೀ ಬಂದಿದ್ದರು. ಬಿಸಿನೀರಿನಲ್ಲಿ ಕೈಯದ್ದಿ ರೇಷ್ಮೆಗೂಡಿನಿಂದ ನೂಲು ಬಿಚ್ಚುತ್ತಿದ್ದವರು. ಹೊಸ ಯಂತ್ರ ಬಂತು, ಕೆಲಸ ಹೋಯಿತು. ಚಕ್ರಗಳನ್ನು ನೋಡಿ ಕೇಳಿದರು: "ಆಪಾ, ಇದ್ರಲ್ಲಿ ನಾನೆಲ್ಲಿದೀನಿ?"

ಎಲ್ಲಿದ್ದಾರೆ? ಎಲ್ಲೂ ಇಲ್ಲ! ಅಮೀರುನ್ನೀಸಾ ರೇಷ್ಮೆಗೂ ನೆಮ್ಮದಿಗೂ ನಡುವೆ ನೂಲು ಬಿಚ್ಚುವವರ ಚಕ್ರವೊಂದನ್ನು ಕೂರಿಸಿದರು. ಮೊದಲ ಚಕ್ರದ ಹಿಡಿ ತಿರುಗಿಸಿದರೆ ನೆಮ್ಮದಿ ಉಲ್ಟಾ ತಿರುಗಿತು.

ಮಾದರಿ ನೋಡಲು ಬಂದ ಸಾಹೇಬರು ಕೆಂಡವಾದರು. "ಇದನ್ನ ತೆಗೆದುಬಿಡಿ ಅಮ್ಮಾ. ಸಭೆಯಲ್ಲಿ ಹೀಗೆ ತೋರಿಸೋಕಾಗುತ್ತಾ?"

"ತೆಗ್ಯಾಕಿಲ್ಲ ಸಾರ್," ಎಂದರು ಅಮೀರುನ್ನೀಸಾ. "ನನ್ ತಂಗಿ ಕೆಲ್ಸಾನೂ ಹೋಯ್ತು, ಈಗ ಮರದ ಚಕ್ರಾನೂ ಕಿತ್ತಾಕ್ಬೇಕಾ? ಅವಳಿಗೆ ಬೇರೆ ಏನು ಕೆಲ್ಸ ಕೊಡ್ತೀರಾ ಹೇಳಿ. ಅದಕ್ಕೂ ಒಂದು ಚಕ್ರ ಕಡ್ದು ಪಕ್ಕದಲ್ಲಿ ಕೂರಿಸ್ತೀನಿ. ನೆಮ್ಮದಿ ಮತ್ತೆ ಸೀದಾ ತಿರುಗ್ತೈತೆ."

ಸಾಹೇಬರು ನಕ್ಷೆ ಸುತ್ತಿಕೊಂಡು ಹೊರಟೇಬಿಟ್ಟರು. ಅದೇ ಮೂರು ಚಕ್ರಗಳನ್ನು ಬೇರೆಲ್ಲೋ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿದರು. ಸಭೆಯಲ್ಲಿ ಚಪ್ಪಾಳೆಯೂ ಬಿತ್ತಂತೆ. ಎಂಥ ನಾಚಿಕೆಗೇಡು! ಬದುಕು ಕಳೆದುಕೊಂಡವರನ್ನು ಎತ್ತಿ ಆಚೆಗಿಟ್ಟರೆ ಯಾರ ನೆಮ್ಮದಿ ತಾನೇ ಸಲೀಸಾಗಿ ತಿರುಗುವುದಿಲ್ಲ? ಅದಕ್ಕೆ ಕಂಪ್ಯೂಟರ್ ಬೇರೆ ಕೇಡು!

ವರ್ಷದ ಕೆಲಸ ಕೈತಪ್ಪಿತು. ಅಮೀರುನ್ನೀಸಾ ಮತ್ತೆ ಬುಗುರಿ ಕಡೆಯುತ್ತಿದ್ದಾರೆ. ನಾಲ್ಕು ಚಕ್ರದ ಮಾದರಿ ಗೋಡೆಯ ಗೂಡಿನಲ್ಲಿದೆ. ಗುಲ್ಜಾರ್ ಬೀ ಬಂದಾಗಲೆಲ್ಲ ತಮ್ಮ ಚಕ್ರವನ್ನೊಮ್ಮೆ ತಿರುಗಿಸಿ ನೋಡಿ ಹೋಗುತ್ತಾರೆ. ಪಕ್ಕದಲ್ಲೇ ಕಡೆದಿಟ್ಟ ಐದನೆಯದೊಂದು ಇದೆ. ಅದಕ್ಕೆ ಬಣ್ಣವಿಲ್ಲ, ಹೆಸರಿಲ್ಲ.

"ಏನು ಕೆಲ್ಸ ಕೊಡ್ತೀವಿ ಅಂತ ಸಾಹೇಬ್ರು ಒಸಿ ಬಂದು ಹೇಳ್ಲಿ, ಆಗ ಹೆಸ್ರು ಬರೀತೀನಿ," ಎನ್ನುತ್ತಾರೆ ಅಮೀರುನ್ನೀಸಾ, ಅದರ ಮೇಲಿನ ಧೂಳು ಒರೆಸುತ್ತ. "ಚೆನ್ನಾಗಿ ಒಣಗಿರೋ ಮರ. ಎಷ್ಟು ದಿನ ಕಾದ್ರೂ ಬಿರುಕು ಬುಡಾಕಿಲ್ಲ."